ಬೈಪಾಸ್‌ನ ‘ಲಿಮಾ’ ನಾಳ ಕಟ್ಟಿಕೊಂಡರೆ ಬಲೂನು ಎಲ್ಲಿ ಗೆಲ್ಲುತ್ತದೆ?

ಬೈಪಾಸ್ ಆದವರಿಗೆ ಮತ್ತೆ ಎದೆನೋವು ಬಂದರೆ ಮೊದಲ ಅನುಮಾನ ಕಾಲಿನಿಂದ ತೆಗೆದು ಹಾಕಿದ ಅಭಿಧಮನಿಯ ಮೇಲೆ. 10 ವರ್ಷ ಕಳೆಯುವಷ್ಟರಲ್ಲಿ ಅಂಥ ನಾಳಗಳಲ್ಲಿ ಅರ್ಧದಷ್ಟು ಮುಚ್ಚಿರುತ್ತವೆ, ಇಲ್ಲವೇ ಹದಗೆಟ್ಟಿರುತ್ತವೆ. ಎದೆಗೂಡಿನ ಒಳಗೋಡೆಯಿಂದ ಬಿಡಿಸಿ ತಂದು ಹೊಲಿದ ಎಡ ಅಪಧಮನಿ, ಅಂದರೆ ವೈದ್ಯರು ಕರೆಯುವ ‘ಲಿಮಾ’, ಅಷ್ಟೇ ಅವಧಿಯಲ್ಲಿ 100ರಲ್ಲಿ ಸುಮಾರು 90 ಮಂದಿಗೆ ತೆರೆದೇ ಇರುತ್ತದೆ. ಅದು ಕೆಡುವುದು ಅಪರೂಪ. ಕೆಟ್ಟರೂ ಕೆಡುವ ಜಾಗ ಬೇರೆ.

ಲೆನಿನ್‌ಗ್ರಾಡ್‌ನಲ್ಲಿ ವಾಸಿಲಿ ಕೊಲೆಸೊವ್ ಈ ನಾಳವನ್ನು ಹೃದಯದ ಅಪಧಮನಿಗೆ ಹೊಲಿದದ್ದು 1964ರಲ್ಲಿ. 1967ರಲ್ಲಿ ಕ್ಲೀವ್‌ಲ್ಯಾಂಡ್‌ನ ರೆನೆ ಫಾವಲೋರೊ ಕಾಲಿನ ಅಭಿಧಮನಿ ಬಳಸಿದ ಮೇಲೆ ಎಲ್ಲರೂ ಅತ್ತಲೇ ವಾಲಿದರು: ಅದು ಉದ್ದ, ಅಗಲ, ಹೊಲಿಯಲು ಸಲೀಸು. 1986ರಲ್ಲಿ ಅದೇ ಕ್ಲೀವ್‌ಲ್ಯಾಂಡ್‌ನ 10 ವರ್ಷಗಳ ಲೆಕ್ಕ ಹೊರಬಿದ್ದು, ಲಿಮಾ ಹಾಕಿಸಿಕೊಂಡವರೇ ಹೆಚ್ಚು ಬದುಕುಳಿದಿದ್ದಾರೆ ಎಂದಾಗ ಗಾಳಿ ತಿರುಗಿತು. ಅಷ್ಟರಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ 1977ರಲ್ಲಿ ಜ್ಯೂರಿಕ್‌ನಲ್ಲಿ ಶುರುಮಾಡಿದ್ದ ಬಲೂನು ಚಿಕಿತ್ಸೆ, ಅಂದರೆ ಕಿರಿದಾದ ಜಾಗದಲ್ಲಿ ಪುಟ್ಟ ಬಲೂನು ಉಬ್ಬಿಸಿ ನಾಳ ಹಿಗ್ಗಿಸುವ ವಿಧಾನ, ಲಿಮಾದೊಳಗೂ ಇಳಿದಿತ್ತು.

ಲಿಮಾ ಹೆಚ್ಚಾಗಿ ಕಿರಿದಾಗುವುದು ಹೊಲಿಗೆ ಬಿದ್ದ ಜಾಗದಲ್ಲಿ, ಅದೂ ಮೊದಲ ಕೆಲವು ತಿಂಗಳಲ್ಲಿ. ಅಲ್ಲಿರುವುದು ಕೊಬ್ಬಿನ ಗಟ್ಟಿಯಲ್ಲ, ಗಾಯ ಮಾಯುವಾಗ ಬೆಳೆದ ಒಳಪದರ. ಹೀಗಾಗಿ ಬಲೂನಿಗೆ ಸುಲಭವಾಗಿ ಬಗ್ಗುತ್ತದೆ. ಹಳೆಯ ಅಭಿಧಮನಿಯಲ್ಲಿ ಆಗುವಂತೆ ಚೂರು ಉದುರಿ ಮುಂದಿನ ನಾಳ ಕಟ್ಟುವ ಭಯವೂ ಕಡಿಮೆ. 10ರಲ್ಲಿ 9ಕ್ಕೂ ಹೆಚ್ಚು ಸಲ ಕೆಲಸ ಕೈಗೂಡುತ್ತದೆ. ಮತ್ತೆ ಕಿರಿದಾಗುವ ಪ್ರಮಾಣವೂ ಅಭಿಧಮನಿಗಿಂತ ಕಡಿಮೆ. ಹೊಲಿಗೆಯ ಜಾಗಕ್ಕೆ ಬಲೂನೊಂದೇ ಸಾಕಾಗುವುದುಂಟು, ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಲೇಬೇಕೆಂದಿಲ್ಲ. ನಾಳದ ಬುಡದ ಕಥೆ ಬೇರೆ: ಅಲ್ಲಿ ಹಿಗ್ಗಿಸಿದ್ದು ಮತ್ತೆ ಕುಗ್ಗುತ್ತದೆ, ಸ್ಟೆಂಟ್ ಬೇಕಾಗುತ್ತದೆ.

ಕಷ್ಟವೆಲ್ಲ ಅಲ್ಲಿಗೆ ತಲುಪುವುದರಲ್ಲಿ. ಎಡ ಮಣಿಕಟ್ಟಿನಿಂದ ಹೋದರೆ ದಾರಿ ಹತ್ತಿರ. ತೊಡೆಯಿಂದ ಹೋದರೆ, ಅಂಕುಡೊಂಕಾದ ಉದ್ದ ನಾಳದ ಆಚೆಗಿನ ಹೊಲಿಗೆಗೆ ಬಲೂನಿನ ಕೊಳವೆ ಮೋಟಾಗಬಹುದು. ಬಲೂನನ್ನು ಒಳಕ್ಕೆ ಸಾಗಿಸುವ ಹೊರಕೊಳವೆ, ಅಂದರೆ ಗೈಡ್, ಮಾಮೂಲಿ 100 ಸೆಂ.ಮೀ.ನದನ್ನು ಬಿಟ್ಟು 90 ಸೆಂ.ಮೀ.ನದನ್ನು ಹಿಡಿಯುವುದು ಅದಕ್ಕೇ. ಗೈಡ್‌ನ ತುದಿ ಬುಡಕ್ಕೆ ಒತ್ತಿದರೆ ಒಳಪದರ ಸೀಳುತ್ತದೆ, ಇಲ್ಲವೇ ನಾಳ ಸೆಟೆದುಕೊಳ್ಳುತ್ತದೆ. ಸೆಟೆತಕ್ಕೆ ಮದ್ದು, ನೇರ ನಾಳದೊಳಕ್ಕೇ 100ರಿಂದ 200 ಮೈಕ್ರೋಗ್ರಾಂ ನೈಟ್ರೊಗ್ಲಿಸರಿನ್. ಬಲೂನಿನ ಅಳತೆ ಲಿಮಾದ್ದಲ್ಲ, ಹೊಲಿಗೆಯಾಚೆಗಿನ ಹೃದಯದ ನಾಳದ್ದು. ಸಾಮಾನ್ಯವಾಗಿ 2ರಿಂದ 2.5 ಮಿ.ಮೀ. ಶಸ್ತ್ರಚಿಕಿತ್ಸೆಯಾಗಿ ಕೆಲವೇ ದಿನವಾಗಿದ್ದರೆ ಹೊಲಿಗೆ ಇನ್ನೂ ಹಸಿ. ಒತ್ತಡ ಏರಿಸಿದರೆ ಬಿಚ್ಚಿಕೊಂಡೀತು.

ಕಣ್ಣಿಗೆ ಮೋಸವಾಗುವ ಸಂದರ್ಭ ಎರಡು. ಬಲೂನಿಗೆ ದಾರಿಯಾಗುವ 0.014 ಇಂಚಿನ ತಂತಿ ಒಳಹೊಕ್ಕು ಡೊಂಕು ನಾಳವನ್ನು ನೆಟ್ಟಗೆ ಮಾಡಿದಾಗ ಗೋಡೆ ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಂಡು, ಇಲ್ಲದ ಅಡಚಣೆ ಕಾಣುತ್ತದೆ. ಅದಕ್ಕೆ ಬಲೂನು ಹಾಕುವುದು ತಪ್ಪು. ತಂತಿಯ ಮೆದು ತುದಿಯಷ್ಟೇ ಒಳಗುಳಿಯುವಂತೆ ಹಿಂದೆಳೆದು ಮತ್ತೊಮ್ಮೆ ಚಿತ್ರ ತೆಗೆದರೆ ನಿಜ ತಿಳಿಯುತ್ತದೆ. ಇನ್ನೊಂದು, ಇಡೀ ಲಿಮಾ ನೂಲಿನಂತೆ ಸಣಕಲಾಗಿರುವುದು. ಹೃದಯದ ಸ್ವಂತ ನಾಳದಲ್ಲೇ ರಕ್ತ ಸಾಕಷ್ಟು ಹರಿಯುತ್ತಿದ್ದರೆ ಲಿಮಾಕ್ಕೆ ಕೆಲಸವಿಲ್ಲ, ಅದು ಮುದುಡುತ್ತದೆ. ಇದನ್ನು ಬಲೂನಿನಿಂದ ಹಿಗ್ಗಿಸಿ ಉಪಯೋಗವಿಲ್ಲ. ಮುಂದೆ ಸ್ವಂತ ನಾಳ ಬಿಗಿಯಾದಾಗ ಅದೇ ಲಿಮಾ ತಾನಾಗಿ ಹಿಗ್ಗಿದ್ದೂ ಇದೆ.