ಡಯಾಪರ್ ದದ್ದು: ಕ್ರೀಮಿಗೂ ಮೊದಲು ತೊಡೆಸಂದು ನೋಡಿ

ಡಯಾಪರ್ ಕಟ್ಟುವ ಜಾಗ ಕೆಂಪಾದ ಕೂಡಲೇ ಎಲ್ಲರೂ ಕೇಳುವುದು ಯಾವ ಕ್ರೀಮ್ ಹಚ್ಚಲಿ ಎಂದು. ಮೊದಲು ಮಗುವಿನ ತೊಡೆಸಂದಿನ ಮಡಿಕೆ ಬಿಡಿಸಿ ನೋಡಿ. ಪೃಷ್ಠ, ಕಿಬ್ಬೊಟ್ಟೆಯಂಥ ಉಬ್ಬು ಭಾಗ ಮಾತ್ರ ಕೆಂಪಾಗಿ ಮಡಿಕೆಯ ಒಳಗೆ ಚರ್ಮ ಸರಿಯಿದ್ದರೆ, ಅದು ಬಹುಪಾಲು ಒದ್ದೆ ಮತ್ತು ತಿಕ್ಕಾಟದಿಂದ ಆದದ್ದು. ಮಡಿಕೆಯೊಳಗೇ ಕಡುಗೆಂಪಾಗಿ, ಅಂಚಿನಾಚೆ ಬಿಡಿಬಿಡಿಯಾಗಿ ಸಣ್ಣ ಕೆಂಪು ಗುಳ್ಳೆಗಳಿದ್ದರೆ ಕ್ಯಾಂಡಿಡಾ ಶಿಲೀಂಧ್ರದ ಅನುಮಾನ ಬರಬೇಕು. ಆಂಟಿಬಯಾಟಿಕ್ ಕೊಟ್ಟ ನಂತರ ಇದು ಹೆಚ್ಚು.

ಮೂತ್ರವೊಂದೇ ಇಷ್ಟು ಹಾನಿ ಮಾಡುವುದಿಲ್ಲ. ಅದು ಮಲದ ಜೊತೆ ಬೆರೆತಾಗ ಅಮೋನಿಯಾ ಹುಟ್ಟಿ ಚರ್ಮದ ಆಮ್ಲೀಯತೆ ತಗ್ಗುತ್ತದೆ. ಆಗ ಮಲದಲ್ಲಿನ ಕಿಣ್ವಗಳು ಚುರುಕಾಗಿ, ನೆನೆದು ಮೆತ್ತಗಾದ ಚರ್ಮವನ್ನು ಕೊರೆಯುತ್ತವೆ. ಭೇದಿಯಾದಾಗ ಒಂದೇ ದಿನದಲ್ಲಿ ದದ್ದು ಏಳುವುದು ಇದಕ್ಕೇ.

ಹಾಗಾಗಿ ಮಲವಾದ ತಕ್ಷಣ, ಇಲ್ಲದಿದ್ದರೂ ಎರಡು-ಮೂರು ಗಂಟೆಗೊಮ್ಮೆ ಡಯಾಪರ್ ಬದಲಿಸಿ. ಉಗುರುಬೆಚ್ಚಗಿನ ನೀರು, ಹತ್ತಿ ಅಥವಾ ಮೆತ್ತನೆ ಬಟ್ಟೆ ಸಾಕು. ಸುಗಂಧವಿರುವ ವೈಪ್ಸ್ ಬೇಡ. ಉಜ್ಜದೆ ಒತ್ತಿ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಡಿ. ಆಮೇಲೆ ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ಚರ್ಮ ಕಾಣದಷ್ಟು ದಪ್ಪಗೆ ಬಳಿಯಿರಿ. ತೆಳ್ಳಗೆ ಸವರಿದರೆ ಮೊದಲ ಮೂತ್ರಕ್ಕೇ ಹೋಗಿಬಿಡುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಸಲ ಬದಲಿಸುವಾಗ. ಅಂಟಿದ ಬಿಳಿ ಮುಲಾಮನ್ನೆಲ್ಲ ಕೆರೆದು ತೆಗೆಯುತ್ತಾರೆ, ಅದರೊಂದಿಗೆ ಆಗತಾನೇ ಮೂಡಿದ ಹೊಸ ಚರ್ಮವೂ ಕಿತ್ತುಬರುತ್ತದೆ. ಕೊಳೆಯಾದ ಮೇಲ್ಪದರ ಮಾತ್ರ ತೆಗೆದು, ಉಳಿದುದರ ಮೇಲೆಯೇ ಮತ್ತೆ ಬಳಿಯಿರಿ. ತೆಗೆಯಲೇಬೇಕಿದ್ದರೆ ಹತ್ತಿಯಲ್ಲಿ ಬೇಬಿ ಆಯಿಲ್ ಅದ್ದಿ ಮೆಲ್ಲಗೆ ಒರೆಸಿ.

ಪೌಡರ್ ಬೇಡವೇ ಬೇಡ: ಪುಡಿ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಬೋರಿಕ್ ಆಮ್ಲವಿರುವ ಪೌಡರಂತೂ ಬಿರಿದ ಚರ್ಮದ ಮೂಲಕ ಒಳಸೇರಿದರೆ ವಿಷ.

ಶಿಲೀಂಧ್ರವೆಂದು ವೈದ್ಯರು ಖಚಿತಪಡಿಸಿದರೆ ಶೇ. 1ರ ಕ್ಲೋಟ್ರಿಮಜೋಲ್ ಕ್ರೀಮನ್ನು ಸಾಮಾನ್ಯವಾಗಿ ದಿನಕ್ಕೆರಡು ಸಲ ತೆಳುವಾಗಿ ಹಚ್ಚಿ, ಅದರ ಮೇಲೆ ಜಿಂಕ್ ಬಳಿಯಬೇಕು. ಕ್ರಮ ತಿರುಗಿದರೆ ಔಷಧಿ ಚರ್ಮ ಮುಟ್ಟುವುದೇ ಇಲ್ಲ. ಸ್ಟೆರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರೂ ಬೆರೆತ ಟ್ಯೂಬನ್ನು ನೀವಾಗಿಯೇ ತಂದು ಹಚ್ಚಬೇಡಿ. ಕೆಂಪು ಬೇಗ ಇಳಿಯುತ್ತದೆ, ನಿಜ. ಆದರೆ ಡಯಾಪರ್ ಅಡಿ ಸ್ಟೆರಾಯ್ಡ್ ಹೆಚ್ಚು ಹೀರಿಕೊಂಡು ಚರ್ಮ ತೆಳುವಾಗುತ್ತದೆ.

ಮೂರು ದಿನದಲ್ಲಿ ತಗ್ಗದಿದ್ದರೆ ವೈದ್ಯರಿಗೆ ತೋರಿಸಿ. ಜ್ವರ, ಕೀವು, ನೀರುಗುಳ್ಳೆ, ರಕ್ತ ಕಂಡರೆ ಅಥವಾ ತೀರಾ ಎಳೆಯ ಶಿಶುವಾದರೆ ಅದೇ ದಿನ ಹೋಗಿ.