ಮೈದುನನ ಸುಳ್ಳಿನ ಹಿಂದೆ ಇರುವುದು ವ್ಯಕ್ತಿತ್ವ ದೋಷವೇ?

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕು. 28 ವರ್ಷದ ನನ್ನ ಮೈದುನ, ಕಬ್ಬಿನ ಬಿಲ್ಲು ಬಂದ ಕೂಡಲೇ ತೀರಿಸುತ್ತೇನೆಂದು ಊರಿನ ನಾಲ್ಕಾರು ಜನರಿಂದ ಕೈಗಡ ತಂದಿದ್ದಾನೆ. ಬಿಲ್ಲು ಬಂದು ಖರ್ಚಾಯಿತೇ ಹೊರತು ಯಾರಿಗೂ ಹಣ ಮರಳಲಿಲ್ಲ. ಕೇಳಿದರೆ, "ಕೊಡೋವ್ರು ತಿಳದು ಕೊಡಬೇಕಿತ್ತಲ್ರೀ ವೈನಿ" ಎಂದು ನಗುತ್ತಾನೆ. ಇದು ಸಮಾಜವಿರೋಧಿ ವ್ಯಕ್ತಿತ್ವ ದೋಷವೇ? ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಸಾಲವಲ್ಲ, ಆ ನಗು. ಸಾಲ ತೀರಿಸಲಾಗದವರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಕೊಟ್ಟವರು ಎದುರಾದರೆ ಓಣಿ ಬದಲಿಸಿ ಹೋಗುತ್ತಾರೆ, ಏಕೆಂದರೆ ಅವರಿಗೆ ನಾಚಿಕೆಯಿದೆ. ಈ ದೋಷವುಳ್ಳವರಲ್ಲಿ ಅಂಥ ನಾಚಿಕೆ ಅಪರೂಪ. ಮೋಸಹೋದವರದೇ ತಪ್ಪೆಂದು ಅವರು ನಿರಾಳವಾಗಿ ವಾದಿಸಬಲ್ಲರು. ಆದರೂ ಒಂದು ನಗುವಿನಿಂದ ರೋಗನಿರ್ಣಯವಾಗದು.

ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಮಾನದಂಡದ ಪ್ರಕಾರ ವ್ಯಕ್ತಿಗೆ 18 ವರ್ಷ ತುಂಬಿರಬೇಕು, ಮತ್ತು ಪದೇ ಪದೇ ಕಾನೂನು ಮುರಿಯುವುದು, ಸುಳ್ಳು ಮತ್ತು ವಂಚನೆ, ಹಿಂದುಮುಂದು ನೋಡದೆ ನುಗ್ಗುವುದು, ಹೊಡೆದಾಟ, ತನ್ನ ಹಾಗೂ ಇತರರ ಸುರಕ್ಷತೆಯ ಕಡೆಗಣನೆ, ದುಡಿಮೆ ಮತ್ತು ಹಣದ ವಿಷಯದಲ್ಲಿ ನಿರಂತರ ಬೇಜವಾಬ್ದಾರಿ, ಪಶ್ಚಾತ್ತಾಪದ ಕೊರತೆ ಎಂಬ 7 ಲಕ್ಷಣಗಳಲ್ಲಿ ಕನಿಷ್ಠ 3 ಲಕ್ಷಣಗಳು 15ನೇ ವಯಸ್ಸಿನಿಂದಲೂ ನಡೆದುಬಂದಿರಬೇಕು. (ಜನರೊಡನೆ ಬೆರೆಯದ ಸಂಕೋಚದ ಸ್ವಭಾವಕ್ಕೂ "ಸಮಾಜವಿರೋಧಿ" ಎಂಬ ಈ ಹೆಸರಿಗೂ ಸಂಬಂಧವಿಲ್ಲ; ಇವರಲ್ಲಿ ಕೆಲವರು ಮಾತಿನಲ್ಲಿ ಮೋಡಿ ಹಾಕುವವರು.)

ಇದಕ್ಕಿಂತ ಮುಖ್ಯವಾದ, ಮೊಬೈಲಿನಲ್ಲಿ ಓದುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಷರತ್ತೊಂದಿದೆ: 15 ವರ್ಷಕ್ಕೆ ಮೊದಲೇ ನಡತೆಯ ದೋಷ ಕಾಣಿಸಿರಬೇಕು. ಪ್ರಾಣಿಗಳನ್ನು ಹಿಂಸಿಸುವುದು, ಕಳ್ಳತನ, ಬೇಕೆಂದೇ ಬೆಂಕಿ ಹಚ್ಚುವುದು, ಚಿಕ್ಕವರನ್ನು ಬೆದರಿಸುವುದು, ಮನೆ ಬಿಟ್ಟು ಓಡಿಹೋಗುವುದು ಇಂಥವು. ನೀವು ಆ ಮನೆಗೆ ಸೊಸೆಯಾಗಿ ಬರುವಾಗ ಅವನು ಬೆಳೆದುನಿಂತಿದ್ದಿರಬೇಕು. ಆದ್ದರಿಂದ ಅವನ ಬಾಲ್ಯವನ್ನು ಬಲ್ಲವರು ನಿಮ್ಮ ಅತ್ತೆ. ಅವರು "ಹುಡುಗಾಟಿಕೆ" ಎಂದು ಮುಚ್ಚಿಹಾಕಿದರೆ ನಿಮ್ಮ ಯಜಮಾನರನ್ನು ಅಥವಾ ಅವನ ಶಾಲೆಯ ಮಾಸ್ತರರನ್ನು ವಿಚಾರಿಸಿ. ಬಾಲ್ಯದಲ್ಲಿ ತುಂಟತನ ಮಾಡಿದವರೆಲ್ಲ ಹೀಗಾಗುವುದಿಲ್ಲವೆಂಬುದೂ ನೆನಪಿರಲಿ.

25ರವರೆಗೆ ಸರಿಯಾಗಿದ್ದವನು ಈಚೆಗೆ ಬದಲಾಗಿದ್ದರೆ ಕಾರಣ ಬೇರೆಯಿರುವ ಸಾಧ್ಯತೆಯೇ ಹೆಚ್ಚು: ಕುಡಿತ, ಜೂಜು, ತಲೆಗೆ ಬಿದ್ದ ಪೆಟ್ಟು, ಅಥವಾ ನಿದ್ದೆಯಿಲ್ಲದೆಯೂ ದಣಿವರಿಯದೆ ಹಣ ಚೆಲ್ಲುವಂತೆ ಮಾಡುವ ಬೈಪೋಲಾರ್ ಕಾಯಿಲೆ. ಬೈಪೋಲಾರ್‌ಗೆ ಪರಿಣಾಮಕಾರಿ ಮಾತ್ರೆಗಳಿವೆ. ವ್ಯಕ್ತಿತ್ವ ದೋಷಕ್ಕೆಂದೇ ನೇರ ಔಷಧವಿಲ್ಲ. ಜೊತೆಗಿರುವ ಕುಡಿತಕ್ಕೆ ಚಿಕಿತ್ಸೆ ಕೊಡುತ್ತಾರೆ, ಮತ್ತು 40 ದಾಟಿದ ಮೇಲೆ ಕೆಲವರಲ್ಲಿ ಅಬ್ಬರ ತಗ್ಗುತ್ತದೆ.

ಈ ಹೆಸರನ್ನು ಜಗಳದಲ್ಲಿ ಅವನ ಮುಖಕ್ಕೆ ಎಸೆಯಬೇಡಿ. ಅವನ ಸಾಲಕ್ಕೆ ಜಾಮೀನು ಸಹಿ ಹಾಕಬೇಡಿ; ಹೊಲದ ಉತಾರ, ಪಾಸ್‌ಬುಕ್ಕು ನಿಮ್ಮ ಕೈಯಲ್ಲಿರಲಿ; ಕೈಮಾಡಿದರೆ 112ಕ್ಕೆ ಕರೆ ಮಾಡಿ. ಅವನು ಬರಲೊಪ್ಪದಿದ್ದರೂ ನೀವು ಗಂಡ-ಹೆಂಡತಿ ಇಬ್ಬರೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗಿ ಸಲಹೆ ಕೇಳಬಹುದು, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೋಗುವಾಗ ಯಾವ ವಯಸ್ಸಿನಲ್ಲಿ ಏನು ನಡೆಯಿತು, ಆಮೇಲೆ ಅವನು ಏನೆಂದ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.