ಸೋರೆ ಬಳ್ಳಿ, ಬ್ರಹ್ಮಕಮಲ: ರಾತ್ರಿ ಹೂ ಅರಳೋದು ಬೇರೆ, ರಾತ್ರಿ ಸ್ಟೊಮಾಟಾ ತೆರೆಯೋದು ಬೇರೆ

ಬಾಟನಿ ಇಂಟರ್ನಲ್ಸ್‌ಗೆ ಓದ್ತಾ ಇರೋರಿಗೆ ಅಂತ ಇದನ್ನ ಬರೀತಿದೀನಿ. ಕಳೆದ ಸಲ ಟೆಸ್ಟಲ್ಲಿ ಬ್ರಹ್ಮಕಮಲ ಯಾಕೆ ರಾತ್ರಿ ಅರಳುತ್ತೆ ಅಂತ ಒಂದು ಪ್ರಶ್ನೆ ಬಂದಿತ್ತು, ನಾನೂ ಸೇರಿ ಸುಮಾರು ಜನ "ಅದು ಕ್ಯಾಮ್ ಸಸ್ಯ, ಅದಕ್ಕೆ" ಅಂತ ಬರೆದ್ವಿ, ಯಾರಿಗೂ ಮಾರ್ಕ್ಸ್ ಬರ್ಲಿಲ್ಲ. (ಸ್ಟೊಮಾಟಾ ಅಂದ್ರೆ ಗಿಡದ ಹೊರಮೈಯಲ್ಲಿರೋ, ಗಾಳಿ ಆಡೋ ಸಣ್ಣ ಸಣ್ಣ ರಂಧ್ರಗಳು; ಅವನ್ನ ರಾತ್ರಿ ತೆರೆದು ಕಾರ್ಬನ್ ಡೈಆಕ್ಸೈಡ್ ತಗೊಳ್ಳೋ ಗಿಡ ಕ್ಯಾಮ್ ಸಸ್ಯ.) ಯಾಕೆ ತಪ್ಪು ಅಂತ ನಂಗೆ ಸರಿಯಾಗಿ ಹೊಳೆದಿದ್ದು ಪಾಂಡವಪುರದ ಹತ್ರ ನಮ್ಮೂರಿಗೆ ಹೋದಾಗ, ಅಜ್ಜಿ ಹಾಕಿದ್ದ ಸೋರೆ ಚಪ್ಪರದ ಕೆಳಗೆ.

ದೀಪ ಹಚ್ಚೋ ಹೊತ್ತು. ಚಪ್ಪರದ ಮೇಲೆ ಬಿಳೀ ಹೂಗಳು ಒಂದೊಂದಾಗಿ ಬಿಚ್ಕೊಳ್ತಾ ಇದ್ವು. ಸೋರೆ ಹೂವು ಸಂಜೆ ಅರಳಿ ಮಾರನೇ ದಿನ ಬೆಳಿಗ್ಗೆ ಬಾಡುತ್ತೆ, ಐದು ದಳ, ಮುದುರಿ ಬಿಡಿಸಿದ ಟಿಶ್ಯೂ ಪೇಪರ್ ಥರ ತೆಳ್ಳಗೆ. ಅಜ್ಜಿ ಉದ್ದ ತೊಟ್ಟಿನ ಒಂದು ಗಂಡು ಹೂ ಕಿತ್ಕೊಂಡು ಅದರ ದಳ ಹರಿದು ಹಾಕಿ, ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಉಜ್ಜಿದ್ರು. "ಇಲ್ಲಾಂದ್ರೆ ಹೀಚು ಹಳದಿಯಾಗಿ ಉದುರೋಯ್ತದೆ ಕಣಪ್ಪ" ಅಂದ್ರು. ಹೆಣ್ಣು ಹೂ ಯಾವುದು ಅಂತ ಹುಡುಕೋದು ಸುಲಭ, ಹೂವಿನ ಕೆಳಗೇ ಬೆರಳ ತುದಿಯಷ್ಟು ರೋಮ ರೋಮದ ಪುಟ್ಟ ಕಾಯಿ ಇರುತ್ತೆ, ನಾವು ಇನ್ಫೀರಿಯರ್ ಓವರಿ (ದಳಗಳಿಗಿಂತ ಕೆಳಗಿರೋ ಅಂಡಾಶಯ) ಅಂತ ಉರು ಹೊಡೀತೀವಲ್ಲ, ಅದು ಅದೇ.

ಈಗ ಯೋಚ್ನೆ ಮಾಡಿ. ಸೋರೆ ಕ್ಯಾಮ್ ಸಸ್ಯ ಅಲ್ವೇ ಅಲ್ಲ, ಭತ್ತದ ಥರ ಮಾಮೂಲಿ ಸಿ-3. ಬೆಳಕಿದ್ದಾಗ ಸ್ಟೊಮಾಟಾ ತೆರೆದು ಕಾರ್ಬನ್ ಡೈಆಕ್ಸೈಡ್ ಒಳಗೆ ತಗೊಂಡು ಆಗ್ಲೇ ಬಳಸ್ಕೊಳ್ಳುತ್ತೆ, ಅದೇ ಬಾಗಿಲಲ್ಲಿ ನೀರೂ ಆವಿಯಾಗಿ ಹೋಗುತ್ತೆ. ಬೇಸಿಗೆಯ ಮಧ್ಯಾಹ್ನ ಚಪ್ಪರದ ಕೆಳಗೆ ನಿಂತು ನೋಡಿ, ಆ ದೊಡ್ಡ ದೊಡ್ಡ ಎಲೆಗಳೆಲ್ಲ ಒದ್ದೆ ಬಟ್ಟೆ ಥರ ಜೋತು ಬಿದ್ದಿರ್ತವೆ, ಬೇರಿಗೆ ನೀರಿದ್ರೆ ಸಂಜೆಗೆ ಮತ್ತೆ ಸೆಟೆದು ನಿಲ್ತವೆ. ಇಷ್ಟು ಹಗಲು ಗಿಡ ಆಗಿದ್ರೂ ಹೂ ಮಾತ್ರ ರಾತ್ರಿ. ಹಾಗಿದ್ಮೇಲೆ ರಾತ್ರಿ ಅರಳೋಕೆ ಕ್ಯಾಮ್ ಬೇಕಾಗಿಲ್ಲ.

ಉಲ್ಟಾ ಕಡೆಯಿಂದಲೂ ನೋಡೋಣ. ಬೇಲಿ ಮೇಲೆ ಬೆಳೆಯೋ ಪಾಪಾಸುಕಳ್ಳಿ ಅಪ್ಪಟ ಕ್ಯಾಕ್ಟಸ್, ಅಪ್ಪಟ ಕ್ಯಾಮ್, ಆದ್ರೆ ಅದರ ಹಳದಿ ಹೂವು ಬಿಸಿಲಲ್ಲಿ ಅರಳುತ್ತೆ, ಜೇನು ಬಂದು ಹೊರಳಾಡುತ್ತೆ. ಅಂದ್ರೆ ಕ್ಯಾಮ್ ಇದ್ದ ಮಾತ್ರಕ್ಕೆ ರಾತ್ರೀನೇ ಅರಳಬೇಕು ಅಂತಾನೂ ಇಲ್ಲ. ಈ ಎರಡು ಉದಾಹರಣೆ ಸಾಕು, ಎರಡು ವಿಷಯ ಬೇರೆ ಬೇರೆ ಅಂತ ಸಾಬೀತು. ಹೂವಿನ ಟೈಮ್ ಯಾರು ಪರಾಗಸ್ಪರ್ಶಕ್ಕೆ ಬರ್ತಾರೆ ಅನ್ನೋದಕ್ಕೆ ಹೊಂದ್ಕೊಂಡಿರೋದು, ಸ್ಟೊಮಾಟಾದ ಟೈಮ್ ನೀರಿನ ಲೆಕ್ಕಕ್ಕೆ ಹೊಂದ್ಕೊಂಡಿರೋದು. ಸೋರೆ ಕುಟುಂಬದೊಳಗೇ ನೋಡಿ, ಕುಂಬಳದ ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಕೊಳ್ಳುತ್ತೆ, ಅದು ಜೇನಿಗೆ. ಸೋರೆ ಬಿಳಿ, ಸಂಜೆ, ಅದು ಪತಂಗಕ್ಕೆ. ಎರಡೂ ಸಿ-3.

ಬ್ರಹ್ಮಕಮಲವೂ ಪತಂಗದ ಹೂವೇ. ಮೈಸೂರಲ್ಲಿ ನಾನಿರೋ ಸರಸ್ವತಿಪುರಂ ರೂಮಿನ ಓನರ್ ಆಂಟಿ ಹತ್ರ ಕುಂಡದಲ್ಲಿದೆ, ಅರಳೋ ದಿನ ಅಕ್ಕಪಕ್ಕದೋರನ್ನೆಲ್ಲ ಕರೀತಾರೆ, ಅರಿಶಿನ ಕುಂಕುಮ ಇಟ್ಟು ಆರತಿನೂ ಆಗುತ್ತೆ. ಈ ಸಲ ನಾನು ಎಂಟು ಗಂಟೆಯಿಂದ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಮೊಗ್ಗಿನ ತುದಿ ಮೊದಲು ಸಣ್ಣದಾಗಿ ಬಿಟ್ಕೊಳ್ತು, ಆಮೇಲೆ ಹೊರಗಿನ ತೆಳು ಎಸಳು ಹಿಂದಕ್ಕೆ ಬಾಗಿದ್ವು, ಹನ್ನೊಂದು ದಾಟೋ ಹೊತ್ತಿಗೆ ಪೂರ್ತಿ ಬಿಚ್ಚಿ ಅಂಗಳ ತುಂಬಾ ಘಮ, ಬೆಳಿಗ್ಗೆ ಆರಕ್ಕೆ ಎದ್ದು ನೋಡಿದ್ರೆ ಕತ್ತು ಬಿದ್ದು ನೇತಾಡ್ತಿತ್ತು. ಬಿಳಿ ಬಣ್ಣ, ಜೋರು ವಾಸನೆ, ಉದ್ದ ಕೊಳವೆಯ ತಳದಲ್ಲಿ ಮಕರಂದ, ಇದೆಲ್ಲ ಕತ್ತಲಲ್ಲಿ ಹಾರೋ ಉದ್ದ ನಾಲಿಗೆಯ ಹಾಕ್‌ಮಾತ್ ಪತಂಗಕ್ಕೆ ತಕ್ಕ ಹಾಗಿರೋದು. ಅಂದ ಹಾಗೆ ಹಿಮಾಲಯದ ಅಸಲಿ ಬ್ರಹ್ಮಕಮಲ, ಉತ್ತರಾಖಂಡದ ರಾಜ್ಯ ಪುಷ್ಪ, ಅದು ಸೂರ್ಯಕಾಂತಿ ಕುಟುಂಬದ್ದು. ನಮ್ಮ ಮನೆಗಳಲ್ಲಿರೋದು ಮೆಕ್ಸಿಕೋ ಮತ್ತೆ ಮಧ್ಯ ಅಮೆರಿಕ ಕಡೆಯ ಎಪಿಫಿಲಮ್ ಆಕ್ಸಿಪೆಟಾಲಮ್. ಉತ್ತರದಲ್ಲಿ ಈ ಹೆಸರನ್ನೇ ಬರೀರಿ.

ಈಗ ಕ್ಯಾಮ್ ವಿಷಯ. ಎಪಿಫಿಲಮ್ ಕಾಡಲ್ಲಿ ಮರದ ಮೇಲೆ ಬೆಳೆಯೋ ಗಿಡ, ಮಳೆ ನಿಂತ ಸ್ವಲ್ಪ ಹೊತ್ತಿಗೇ ತೊಗಟೆ ಒಣಗುತ್ತೆ, ಬೇರಿಗೆ ಆಸರೆಗೆ ಮಣ್ಣೂ ಹೆಚ್ಚಿಲ್ಲ. ಅದಕ್ಕೆ ತಂಪು ಹೊತ್ತಲ್ಲಿ, ಅಂದ್ರೆ ರಾತ್ರಿ, ಸ್ಟೊಮಾಟಾ ತೆರೆದು ಕಾರ್ಬನ್ ಡೈಆಕ್ಸೈಡ್ ತಗೊಂಡು ಮ್ಯಾಲಿಕ್ ಆಸಿಡ್ ಮಾಡಿ ವ್ಯಾಕ್ಯೂಲ್‌ನಲ್ಲಿ, ಅಂದ್ರೆ ಜೀವಕೋಶದೊಳಗಿನ ಚೀಲದಲ್ಲಿ, ತುಂಬಿಟ್ಕೊಳ್ಳುತ್ತೆ, ಹಗಲು ಬಾಗಿಲು ಹಾಕ್ಕೊಂಡು ಒಳಗೇ ಅದನ್ನ ಒಡೆದು ಸಕ್ಕರೆ ಮಾಡುತ್ತೆ. ಹೂ ಬಿಡದೇ ಇರೋ ರಾತ್ರೀನೂ ಇದು ನಡೀತಾನೇ ಇರುತ್ತೆ, ಅದನ್ನ ಮರೀಬೇಡಿ.

ಇದರಲ್ಲಿ ನಂಗೆ ತುಂಬಾ ಖುಷಿ ಕೊಟ್ಟಿದ್ದು ಒಂದಿದೆ. 1800ರ ಸುಮಾರಿಗೆ ಮೈಸೂರು ಸರ್ವೆಯಲ್ಲಿ ಕೆಲಸ ಮಾಡಿದ, ಬೆಂಗಳೂರಿನ ಲಾಲ್‌ಬಾಗನ್ನೂ ನೋಡ್ಕೊಂಡಿದ್ದ ಬೆಂಜಮಿನ್ ಹೇಯ್ನ್ ಅಂತ ಒಬ್ಬ ಸಸ್ಯವಿಜ್ಞಾನಿ, ನಮ್ಮ ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ ಅಂತ ನಾಲಿಗೆಯಲ್ಲೇ ಕಂಡುಹಿಡಿದ. ಅದು 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯ್ತು. ಆ ಬೆಳಗಿನ ಹುಳಿನೇ ನಾವೀಗ ಓದೋ ಮ್ಯಾಲಿಕ್ ಆಸಿಡ್, ಕ್ಯಾಮ್ ಅನ್ನೋ ಹೆಸರಿನ ಮೊದಲ ಅಕ್ಷರ ಬಂದಿರೋದೂ ಕಾಡುಬಸಳೆಯ ಕ್ರಾಸುಲೇಸಿ ಕುಟುಂಬದಿಂದ. ನೀವು ಮಾತ್ರ ತಿಂದು ನೋಡೋಕೆ ಹೋಗ್ಬೇಡಿ, ಅದರಲ್ಲಿ ಹೃದಯಕ್ಕೆ ತೊಂದರೆ ಮಾಡೋ ಅಂಶ ಇದೆ.

ಅಂಗಗಳ ಪ್ರಶ್ನೆಯಲ್ಲೂ ಎಡವ್ತೀವಿ. ಬ್ರಹ್ಮಕಮಲದಲ್ಲಿ ಎಲೆ ಥರ ಕಾಣೋದು ಎಲೆ ಅಲ್ಲ, ಚಪ್ಪಟೆ ಕಾಂಡ. ಅಂಚಿನ ಕಚ್ಚುಗಳನ್ನ ನೋಡಿ, ಮೊಗ್ಗು ಹೊರಡೋದು ಅಲ್ಲಿಂದಾನೇ, ಆ ಜಾಗಕ್ಕೆ ಏರಿಯೋಲ್ ಅಂತಾರೆ, ಅದಿದ್ರೆ ಕ್ಯಾಕ್ಟಸ್. ಹಾಲು ಬರೋ ಬೇಲಿ ಕಳ್ಳಿ ಯುಫೋರ್ಬಿಯಾ, ನಾವು ಎರಡಕ್ಕೂ ಕಳ್ಳಿ ಅಂದ್ರೂ ಅದು ಕ್ಯಾಕ್ಟಸ್ ಅಲ್ಲ. ಸೋರೆಯಲ್ಲಿ ಎಲೆ ಎಲೆಯೇ, ಅದರ ಬುಡದ ಹತ್ರದಿಂದ ಟೆಂಡ್ರಿಲ್ (ಆಸರೆ ಹಿಡ್ಕೊಂಡು ಹತ್ತೋಕೆ ಇರೋ ಸುರುಳಿ ಎಳೆ) ಹೊರಡುತ್ತೆ, ತುದಿ ಎರಡು ಕವಲು. ಚಪ್ಪರದ ದಾರ ಹಿಡ್ಕೊಂಡ ಒಂದು ಟೆಂಡ್ರಿಲ್ ಬಿಡಿಸದೇ ಹಾಗೇ ನೋಡಿ, ಅರ್ಧ ಸುರುಳಿ ಒಂದು ಕಡೆಗೆ ಸುತ್ತಿ, ಮಧ್ಯ ಒಂದು ಸಣ್ಣ ನೇರ ತುಂಡು, ಉಳಿದರ್ಧ ಉಲ್ಟಾ ಕಡೆಗೆ ಸುತ್ತಿರುತ್ತೆ. ಎರಡೂ ತುದಿ ಗಟ್ಟಿಯಾಗಿ ಕಟ್ಟಿರೋವಾಗ ಒಂದೇ ಕಡೆ ಸುತ್ತಿದ್ರೆ ದಾರ ತಿರುಚ್ಕೊಂಡು ಬಿಡುತ್ತೆ, ಅದಕ್ಕೆ ಬಲ ಎಡ ಸಮ ಆಗ್ಬೇಕು. ಡಾರ್ವಿನ್ 1865ರಲ್ಲಿ ಹತ್ತುವ ಗಿಡಗಳ ಬಗ್ಗೆ ಬರೆದಾಗ ಇದನ್ನೂ ವಿವರಿಸಿದ್ರು. ಗಾಳಿ ಬೀಸಿದಾಗ ಅದು ಸ್ಪ್ರಿಂಗ್ ಥರ ಎಳೆದು ಬಿಡುತ್ತೆ, ಬಳ್ಳಿ ಹರಿಯಲ್ಲ.

ಕ್ಯಾಕ್ಟಸ್‌ಗಳಲ್ಲಿ ಹತ್ತೋವು ಇವೆ, ಡ್ರ್ಯಾಗನ್ ಫ್ರೂಟ್ ಬಳ್ಳಿ ಕಲ್ಲುಕಂಬ ಹತ್ತುತ್ತಲ್ಲ, ಅದಕ್ಕೆ ಟೆಂಡ್ರಿಲ್ ಇಲ್ಲ, ಕಾಂಡದಿಂದ ಹೊರಟ ಬೇರುಗಳು ಕಂಬಕ್ಕೆ ಅಂಟ್ಕೊಳ್ತವೆ. ಅದರ ಹೂವೂ ಬಿಳಿ, ಅದೂ ಒಂದೇ ರಾತ್ರಿ, ತಾಯ್ನಾಡಲ್ಲಿ ಬಾವಲಿ ಮತ್ತೆ ಪತಂಗ ಬರ್ತವೆ. ಕೆಲವು ತಳಿಗಳಿಗೆ ತಮ್ಮದೇ ಪರಾಗ ಆಗಿಬರಲ್ಲ, ಆಗ ರೈತರು ಕತ್ತಲಾದ್ಮೇಲೆ ಬೇರೆ ತಳಿಯ ಹೂವಿನ ಪರಾಗವನ್ನ ಬ್ರಷ್‌ನಲ್ಲಿ ತಂದು ಒಂದೊಂದು ಹೂವಿಗೂ ಮುಟ್ಟಿಸ್ತಾರೆ, ಅಜ್ಜಿ ಚಪ್ಪರದ ಕೆಳಗೆ ಮಾಡಿದ್ದ ಕೆಲಸಾನೇ ಅದು.